ಎಡ ಹೆಗಲಿನ ಮೇಲೆ ಎರಡು ತಟ್ಟು

ಹೋದ ವರ್ಷ ಕಬ್ಬಿನ ಹಂಗಾಮು ಶುರುವಾದಾಗ ನಾನು ನಿಪ್ಪಾಣಿಯ ಒಂದು ಸಣ್ಣ ಡ್ರೈವಿಂಗ್ ಸ್ಕೂಲಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಈ ವಿದ್ಯೆಯನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಕ್ಲಚ್ಚು, ಗೇರು ಮಾವನ ಟೆಂಪೋದಲ್ಲಿ ಬಂತು, ಉಳಿದದ್ದೆಲ್ಲ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಬಂದದ್ದು. ಅದರಲ್ಲೂ ನನಗೆ ಹುಚ್ಚು ಹಿಡಿಸಿದ್ದು ಸರ್ಕಲ್. ನಾಲ್ಕು ರಸ್ತೆ ಕೂಡುವಲ್ಲಿ ನಡುವೆ ಒಂದು ದುಂಡು ಕಟ್ಟೆ ಕಟ್ಟಿರುತ್ತಾರಲ್ಲ, ಅದೇ. ಸಿಗ್ನಲ್ ಬೇಡ, ಪೊಲೀಸ್ ಬೇಡ, ಎಲ್ಲರೂ ಅವರವರ ಲೇನಿನಲ್ಲಿ ಬಂದರೆ ಯಾರೂ ಹೆಚ್ಚು ಹೊತ್ತು ನಿಲ್ಲದೆ ದಾಟಿ ಹೋಗಬಹುದು. ಇಷ್ಟು ಚೆಂದದ ಏರ್ಪಾಡನ್ನು ಯಾರು ಯೋಚಿಸಿದರೋ ಎಂದು ನಾನು ಎಷ್ಟೋ ಸಲ ಬೆರಗಾಗಿದ್ದೇನೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಕಟ್ಟೆಯನ್ನು ಬಲಗೈಗೆ ಇಟ್ಟುಕೊಂಡು ಸುತ್ತಬೇಕು. ಒಳಗೆ ಬರುವ ಮೊದಲು ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಮೊದಲನೇ ದಾರಿಗೇ ಎಡಕ್ಕೆ ಹೊರಳುವವರು ಹೊರಗಿನ ಲೇನಿನಲ್ಲಿರಬೇಕು. ಸುತ್ತಿ ಮೂರನೇ ದಾರಿಗೆ ಹೋಗುವವರು ಕಟ್ಟೆಗೆ ಹತ್ತಿದ ಒಳಗಿನ ಲೇನಿನಲ್ಲಿರಬೇಕು. ಹೊರಬೀಳುವಾಗ ಎಡ ಇಂಡಿಕೇಟರ್ ಹಾಕಿ, ಎಡಕ್ಕೆ ಹಿಂದೆ ಯಾರೂ ಇಲ್ಲ ಎಂದು ನೋಡಿ ಹೊರಬರಬೇಕು. ಇಷ್ಟೇ. ಆದರೆ ನಮ್ಮ ಹೈವೇ ಫ್ಲೈಓವರಿನ ಕೆಳಗಿನ ಸರ್ಕಲ್‌ಗೆ ಒಮ್ಮೆ ಬಂದು ನೋಡಿ. ಪುಣೆ ಕಡೆಯಿಂದ ಇಳಿದ ಕಾರು, ಊರ ರಿಕ್ಷಾ, ತಂಬಾಕಿನ ಲಾರಿ, ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್. ಮೂಗು ತೂರಿಸಿದವನೇ ಮೊದಲು.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಬಾಳು ಎಂಬ ನನ್ನ ವಯಸ್ಸಿನವನೇ ತನ್ನ ತಂದೆಯನ್ನು ಕರೆದುಕೊಂಡು ಬಂದ. ಬೇಡಕಿಹಾಳ ಕಡೆಯವರು.

“ಸರ್, ನಮ್ಮಪ್ಪಗ ಸರ್ಕಲ್ ದಾಟೂದು ಕಲಿಸ್ರಿ.”

“ಗಾಡಿ ಬರ್ತೈತೇನ್ರಿ?”

“ನಾ ಹುಟ್ಟೂಕಿಂತ ಮೊದ್ಲಿಂದ ಹೊಡ್ಯಾಕತ್ತಾನ್ರಿ. ಸರ್ಕಲ್ ಅಷ್ಟ ಬರೂದಿಲ್ಲ.”

ನನಗೆ ನಗು ಬಂತು. “ಹಂಗಾದ್ರ ಇಷ್ಟ ದಿವಸ ಹೆಂಗ ದಾಟಿದ್ರು?”

“ನಮ್ಮವ್ವ ದಾಟಸ್ತಿದ್ಲ್ರಿ,” ಅಂದ ಬಾಳು.

ತಂದೆಯ ಹೆಸರು ಅಣ್ಣಪ್ಪ. ಕತ್ತರಿಗೆ ಸಾಣೆ ಹಿಡಿಯುವುದು ಅವರ ಕಸುಬು. ಬೀಡಿ ಕಟ್ಟುವ ಹೆಣ್ಣುಮಕ್ಕಳು ಎಲೆ ಕತ್ತರಿಸಲು ದಿನವಿಡೀ ಕತ್ತರಿ ಆಡಿಸುತ್ತಾರೆ, ಅದು ಬೇಗ ಮೊಂಡಾಗುತ್ತದೆ. ಅಣ್ಣಪ್ಪ ಕಾಕಾ ಸಾಣೆಯ ಚಕ್ರವನ್ನು ಮೊಪೆಡ್‌ಗೇ ಬೋಲ್ಟ್ ಹಾಕಿ ಕೂರಿಸಿದ್ದರು. ಬೀಡಿ ಕೆಲಸಗಾರರ ಕಾಲನಿ ಇರುವುದು ಸರ್ಕಲ್‌ನ ಮೂರನೇ ದಾರಿಯಲ್ಲಿ. ಆ ಚಕ್ರದ ಕಿರ್ರೆನ್ನುವ ಸದ್ದಿನಲ್ಲೇ ಆಯುಸ್ಸು ಕಳೆದು ಅವರ ಕಿವಿ ಹೋಗಿತ್ತು. ಹತ್ತಿರ ಬಂದು ಕೂಗಿದರೆ ಕೇಳಿಸುತ್ತಿತ್ತು, ಇಲ್ಲವಾದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಕಿವಿಯ ಮಷೀನ್ ಹಾಕಿದರೆ ಗಾಡಿಯ ಮೇಲೆ ಗಾಳಿ ಹೊಕ್ಕು ಬರೀ ಭರ್ ಅನ್ನುತ್ತದಂತೆ.

ಅವರ ಹೆಂಡತಿ ಅಕ್ಕಾತಾಯಿ ದಿನವೂ ಹಿಂದಿನ ಸೀಟಿನಲ್ಲಿ ಕೂತು ಬರುತ್ತಿದ್ದರು. ಇವರು ಸಾಣೆ ಹಿಡಿಯುತ್ತಿದ್ದರೆ ಆಕೆ ಮನೆಮನೆಗೆ ಹೋಗಿ ಕತ್ತರಿ ತರುವುದು, ಕೊಡುವುದು. ಸೀರೆ ಉಟ್ಟವರು ಗಾಡಿಯ ಮೇಲೆ ಎಡಕ್ಕೆ ಮುಖ ಮಾಡಿ ಅಡ್ಡ ಕೂರುತ್ತಾರಲ್ಲ, ಹಾಗೆ ಕೂತ ಆಕೆಗೆ ಎಡಗಡೆಯ ಲೇನು ಹಿಂದಿನವರೆಗೂ ಕಾಣುತ್ತಿತ್ತು. ಹೊರಬೀಳುವ ಜಾಗ ಬಂದಾಗ ಯಾರಾದರೂ ಬರುತ್ತಿದ್ದರೆ ಗಂಡನ ಅಂಗಿ ಹಿಡಿಯುತ್ತಿದ್ದರು. ಖಾಲಿ ಇದ್ದರೆ ಎಡ ಹೆಗಲಿನ ಮೇಲೆ ಎರಡು ಸಲ ತಟ್ಟುತ್ತಿದ್ದರು. ಕಾಕಾ ತಿರುಗಿ ನೋಡದೆ ಹೊರಬರುತ್ತಿದ್ದರು.

ಶ್ರಾವಣದಲ್ಲಿ ಕಾಮಾಲೆಯಾಗಿ ಆಕೆ ತೀರಿಕೊಂಡರು. ಆಮೇಲೆ ಕಾಕಾ ಒಬ್ಬರೇ ಬಂದ ಮೊದಲ ದಿನವೇ ಒಂದು ಕಾರು ಹ್ಯಾಂಡಲ್‌ಗೆ ಸವರಿಕೊಂಡು ಹೋಗಿತ್ತು.

“ನೀವು ಸೈ ಅಂದ್ರ ಗಾಡಿ ಇರ್ಲಿ ಸರ್, ಇಲ್ಲಾಂದ್ರ ಮಾರತೀನಿ,” ಅಂದ ಬಾಳು. “ಅವ್ವ ಹೋದ್ಲು. ಅಪ್ಪನ್ನೂ ಕಳಕೊಳ್ಳಾಕ ನನ್ನ ಕಡೆ ಆಗೂದಿಲ್ಲ.”

ಕಾಕಾ ಮಗನ ತುಟಿಯನ್ನೇ ನೋಡುತ್ತಿದ್ದರು. “ಗಾಡಿ ಹೋದ್ರ ಚಕ್ರಾನೂ ಹೋತು. ಮನ್ಯಾಗ ಕುಂತ ನಾ ಏನ ಮಾಡ್ಲಿ, ನಿನ್ನ ಮಾರಿ ನೋಡಕೋತ ಇರ್ಲೇನು?” ಅಂದರು. ಮಗ ನಕ್ಕ, ಕಾಕಾ ನಗಲಿಲ್ಲ.

ನನಗೋ ಹುರುಪು. ನನ್ನ ಸರ್ಕಲ್ ವಿದ್ಯೆಯನ್ನೇ ಕೇಳಿಕೊಂಡು ಬಂದ ಮೊದಲ ವಿದ್ಯಾರ್ಥಿ! ಸಂತೆ ಇಲ್ಲದ ದಿನಗಳಲ್ಲಿ ಸಂತೆ ಮೈದಾನದಲ್ಲಿ ಸುಣ್ಣದ ಪುಡಿಯಿಂದ ದೊಡ್ಡ ಸರ್ಕಲ್ ಬರೆದೆ. ಎರಡು ಲೇನು, ನಾಲ್ಕು ದಾರಿ, ಬಾಣದ ಗುರುತು. ಮೊಪೆಡ್ ನೋಡಿದರೆ ಎಡ ಕನ್ನಡಿಯೇ ಇಲ್ಲ.

“ಕನ್ನಡಿ ಎಲ್ಲಿ ಕಾಕಾ?” ಎಂದು ಕಿವಿಯ ಹತ್ತಿರ ಕೂಗಿದೆ.

“ಆಕಿ ಇದ್ದಳಲ್ರಿ,” ಅಂದರು.

ಹೊಸ ಕನ್ನಡಿ ಹಾಕಿಸಿದೆವು. ಕನ್ನಡಿಯಲ್ಲಿ ನಮ್ಮ ಮೈ ಆದಷ್ಟು ಕಡಿಮೆ ಕಾಣಬೇಕು, ರಸ್ತೆ ಹೆಚ್ಚು ಕಾಣಬೇಕು ಎಂದು ಹೇಳಿ ಸರಿಮಾಡಿಕೊಟ್ಟೆ. ಅವರು ಅದರಲ್ಲಿ ತಮ್ಮ ಹಿಂದೆ ಖಾಲಿ ಇದ್ದ ಜಾಗವನ್ನು ಸ್ವಲ್ಪ ಹೊತ್ತು ನೋಡಿದರು. ನಾನು ಹಿಂದೆ ಕೂತೆ. ಮೊದಲ ದಿನ ಅಭ್ಯಾಸವಾಗಲಿ ಎಂದುಕೊಂಡು, ಹೊರಬೀಳುವ ಬಾಣ ಬಂದಾಗ ಅವರ ಎಡ ಹೆಗಲಿನ ಮೇಲೆ ಎರಡು ಸಲ ತಟ್ಟಿದೆ.

ಗಾಡಿ ಅಲ್ಲೇ ನಿಂತಿತು. ಕಾಕಾ ಇಂಜಿನ್ ಆಫ್ ಮಾಡಿದರು. ಹಿಂದಕ್ಕೆ ತಿರುಗದೆ, “ಮಾಸ್ತರ, ನೀವ ತಟ್ಟಬ್ಯಾಡ್ರಿ. ನಾ ಕನ್ನಡಿ ನೋಡೇ ಕಲೀತೀನಿ,” ಅಂದರು.

ಕಲಿತರು. ಸುಣ್ಣದ ಸರ್ಕಲ್‌ನಲ್ಲಿ ಅವರಷ್ಟು ಶುದ್ಧವಾಗಿ ಗಾಡಿ ಹೊಡೆದವರನ್ನು ನಾನು ಇನ್ನೂ ನೋಡಿಲ್ಲ. ಬಲಕ್ಕೆ ನೋಡುವುದು, ಒಳಗಿನ ಲೇನು ಹಿಡಿಯುವುದು, ಎರಡನೇ ದಾರಿ ದಾಟಿದೊಡನೆ ಎಡ ಇಂಡಿಕೇಟರ್, ಕನ್ನಡಿ, ಒಮ್ಮೆ ಹೆಗಲ ಮೇಲಿಂದ ಹಿಂದಕ್ಕೆ ಕಣ್ಣು, ಆಮೇಲೆ ಹೊರಗೆ. ಮುಂದಿನ ವಾರ ಸರ್ಕಲ್‌ಗೆ ಹೋಗೋಣ ಎಂದು ನಾನೇ ಹೇಳಿದೆ.

ಗೊತ್ತುಮಾಡಿದ ದಿನ ಬೆಳಿಗ್ಗೆ ನಾನು, ಬಾಳು ಇಬ್ಬರೂ ಮೂರನೇ ದಾರಿಯ ಬಾಯಿಯಲ್ಲಿ ಫ್ಲೈಓವರಿನ ಕಂಬಕ್ಕೆ ಒರಗಿ ನಿಂತಿದ್ದೆವು. ದೂರದಲ್ಲಿ ಕಾಕಾ ಚಿಕ್ಕದಾಗಿ ಕಾಣಿಸಿಕೊಂಡರು. ಬಲದಿಂದ ಬರುವವರಿಗೆ ದಾರಿ ಬಿಟ್ಟು ನಿಂತರು. ಹಿಂದಿನವರು ಹಾರ್ನ್ ಹೊಡೆದೇ ಹೊಡೆದರು, ಅವರಿಗೆ ಕೇಳಿಸಲಿಲ್ಲ. ಜಾಗ ಸಿಕ್ಕಿತು, ಒಳಗಿನ ಲೇನಿಗೆ ಬಂದರು. “ಸೈ!” ಎಂದು ನಾನು ಬಾಳುವಿನ ಕೈ ಹಿಚುಕಿದೆ. ಎಡ ಇಂಡಿಕೇಟರ್ ಮಿನುಗಿತು. ಕನ್ನಡಿ ನೋಡಿದರು. ಹಿಂದಕ್ಕೆ ನೋಡಿದರು. ಹೊರಗಿನ ಲೇನಿನಲ್ಲಿ ಒಂದು ಕಾರು ಇತ್ತು. ಆ ಲೇನಿನಲ್ಲಿದ್ದವನು ಯಾವಾಗಲೋ ಎಡಕ್ಕೆ ಹೊರಳಿ ಹೋಗಿರಬೇಕಿತ್ತು, ಇವನು ಸುತ್ತುತ್ತಲೇ ಇದ್ದ. ಕಾಕಾ ತಡೆದರು. ಅವನ ಹಿಂದೆ ರಿಕ್ಷಾ. ಅದರ ಹಿಂದೆ ಎರಡು ಬೈಕು. ಕಾಕಾ ನಮ್ಮ ಮುಂದೆಯೇ ಹಾದು ಮತ್ತೆ ಸುತ್ತಿಗೆ ಹೋದರು.

ಎರಡನೇ ಸುತ್ತು. ಇಂಡಿಕೇಟರ್ ಮಿನುಗುತ್ತಲೇ ಇತ್ತು. ಅದನ್ನು ನೋಡಿದವರು ವೇಗ ತಗ್ಗಿಸಲಿಲ್ಲ, ಇನ್ನಷ್ಟು ಒತ್ತಿದರು. ಮೂರನೇ ಸುತ್ತಿಗೆ ಪಾನ್ ಅಂಗಡಿಯವನು ಕೂಗಿದ: “ಏ ಕಾಕಾ, ಪ್ರದಕ್ಷಿಣಿ ಸಾಕ ಮಾಡೋ! ಇದೇನು ಮಂಗಸೂಳಿ ಮಲ್ಲಯ್ಯನ ಗುಡಿ ಅಲ್ಲ!” ಸುತ್ತಲಿನವರು ನಕ್ಕರು. ರಿಕ್ಷಾದವನೊಬ್ಬ ಮನೆಗೆ ಹೋಗು ಎಂದು ಮರಾಠಿಯಲ್ಲಿ ಬೈದ: “ಓ ಕಾಕಾ, ಘರೀ ಜಾ ಕೀ!” ಬಾಳು ರಸ್ತೆಗೆ ಇಳಿಯಹೋದ, ನಾನು ಹಿಡಿದುಕೊಂಡೆ. ಕಾಕಾನ ಮುಖ ಈಗ ಸ್ಪಷ್ಟವಾಗಿ ಕಾಣುತ್ತಿತ್ತು. ಕನ್ನಡಿ, ಹಿಂದೆ, ಕನ್ನಡಿ, ಹಿಂದೆ. ಅಷ್ಟು ಜನರ ನಡುವೆ ಲೇನು ಬಿಡದೆ ಸುತ್ತುತ್ತಿದ್ದವರು ಅವರೊಬ್ಬರೇ. ಅದಕ್ಕೇ ಅವರಿಗೆ ಹೊರಗೆ ಬರಲಾಗುತ್ತಿರಲಿಲ್ಲ.

ಕೊನೆಗೆ ದಾರಿ ಬಿಟ್ಟವನು ಕಬ್ಬಿನ ಟ್ರ್ಯಾಕ್ಟರಿನವನು. ಹಾಡು ಊರಿಗೆಲ್ಲ ಕೇಳುವಂತೆ ಹಚ್ಚಿಕೊಂಡು ಬರುತ್ತಿದ್ದ ಹುಡುಗ. ತುಂಬಿದ ಎರಡು ಟ್ರೇಲರ್ ಒಮ್ಮೆ ನಿಂತರೆ ಮತ್ತೆ ಎಳೆಯುವುದು ಎಷ್ಟು ಕಷ್ಟ ಎಂದು ಈ ಕಡೆಯವರಿಗೆ ಗೊತ್ತು. ಅವನು ನಿಲ್ಲಿಸಿದ. ಹಿಂದಿನ ಗಾಡಿಗಳೆಲ್ಲ ಅವನ ಟ್ರೇಲರ್ ಹಿಂದೆ ಸಿಕ್ಕಿಕೊಂಡು ಅರಚಿದವು. “ಹೋಗೋ ಯಜ್ಜಾ, ನಾ ನಿಂತೇನಿ!” ಎಂದು ಕೈ ಬೀಸಿದ. ಕಾಕಾ ಹೊರಬಂದರು.

ನಮ್ಮ ಹತ್ತಿರ ಬಂದು ಗಾಡಿ ನಿಲ್ಲಿಸಿದರು. “ನಾ ಏನ ತಪ್ಪ ಮಾಡೀನ್ರಿ, ಮಾಸ್ತರ?”

“ಏನೂ ತಪ್ಪಿಲ್ಲ ಕಾಕಾ,” ಎಂದು ಕೂಗಿದೆ. ಅದು ನಿಜವೇ ಆಗಿತ್ತು.

“ಹಂಗಾದ್ರ ಸೈ ಏನ್ರಿ ಸರ್?” ಬಾಳು ಕೇಳಿದ. ಸೈ ಅನ್ನಲಿ ಎಂಬ ಆಸೆ ಅವನ ದನಿಯಲ್ಲೂ ಇತ್ತು.

ನಾನು ಸರ್ಕಲ್ ಕಡೆ ನೋಡಿದೆ. ನಾಳೆ ಆ ಟ್ರ್ಯಾಕ್ಟರಿನ ಹುಡುಗ ಇರುವುದಿಲ್ಲ. “ಕಾಕಾಂದು ಸೈ ಐತಿ ಬಾಳು. ಉಳದವ್ರದ್ದು ನಾ ಹೆಂಗ ಸೈ ಅನ್ಲಿ?”

ಕಾಕಾ ನನ್ನ ತುಟಿ ಓದಿದರು. ಮೊಪೆಡ್‌ನ ಕೀಲಿ ತೆಗೆದು ಮಗನ ಅಂಗೈಯಲ್ಲಿಟ್ಟರು. “ಆಕಿ ಒಂದ ಸುತ್ತಿನ್ಯಾಗ ಹೊರಗ ತರ್ತಿದ್ಲು,” ಅಂದರು. ಕಾಲನಿಯ ಹೆಣ್ಣುಮಕ್ಕಳು ಅಂದು ಕತ್ತರಿ ಹಿಡಿದುಕೊಂಡು ಕಾದಿರಬೇಕು.

ಈಗ ನಾನು ಲೇನ್ ಪಾಠ ಬೇರೆ ಥರ ಮಾಡುತ್ತೇನೆ. ಮೊದಲ ದಿನ ಮೈದಾನದಲ್ಲಿ ಕಲಿಯುವವರ ಕಿವಿಗೆ ಹತ್ತಿ ಇಟ್ಟು, ಸುಣ್ಣದ ಸರ್ಕಲ್ ಸುತ್ತಿಸುತ್ತೇನೆ. ಹಾರ್ನ್ ಕೇಳದವನಿಗೆ ನೀನು ಎಲ್ಲಿ ಹೊರಳುತ್ತೀ ಎಂದು ಹೇಗೆ ತಿಳಿಯಬೇಕು ಎಂದು ಅವರನ್ನು ಕೇಳುತ್ತೇನೆ. ನಿನ್ನ ಲೇನು ನೋಡಿ, ನಿನ್ನ ಇಂಡಿಕೇಟರ್ ನೋಡಿ. ಬೇರೆ ದಾರಿ ಇಲ್ಲ. ನಿಯಮ ಎಂದರೆ ನಾನು ಸರಿಯಾಗಿ ಹೋಗುವುದು ಎಂದು ಮೊದಲು ತಿಳಿದಿದ್ದೆ. ಇನ್ನೊಬ್ಬರು ಹೊರಗೆ ಬರಲು ಜಾಗ ಬಿಡುವುದೇ ಅದರ ದೊಡ್ಡ ಪಾಲು ಎಂದು ಈ ಕೆಲಸ ನನಗೆ ಕಲಿಸಿತು.

ಮೊನ್ನೆ ಬೇಡಕಿಹಾಳ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಎಡಗಡೆಯ ಕಿಟಕಿಗೆ ಕಾಕಾ ಕೂತಿದ್ದರು, ತೊಡೆಯ ಮೇಲೆ ಚೀಲ, ಅದರಲ್ಲಿ ಕೈಯಲ್ಲಿ ಹಿಡಿಯುವ ಸಾಣೆ ಕಲ್ಲು. ಕೆಲವರು ಕತ್ತರಿಯನ್ನು ಬಸ್‌ಸ್ಟ್ಯಾಂಡಿಗೇ ತಂದುಕೊಡುತ್ತಾರಂತೆ. ಅವರು ನನ್ನನ್ನು ನೋಡಿರಲಿಲ್ಲ. ನಾನು ನೋಡುತ್ತಿರುವುದನ್ನು ಕಂಡು ಕಂಡಕ್ಟರ್ ನಕ್ಕ: “ನಮ್ಮ ಬಸ್ಸಿಗೆ ಇಬ್ರು ಕಂಡಕ್ಟರ್ ಅದೀವ್ರಿ ಸರ್. ಸರ್ಕಲ್ ಬರ್ಲಿ, ನೋಡ್ರಿ.”

ಸರ್ಕಲ್ ಬಂತು. ಕಾಕಾ ಕಿಟಕಿಯಿಂದ ಕತ್ತು ಹೊರಳಿಸಿ ಹಿಂದಕ್ಕೆ ನೋಡತೊಡಗಿದರು. ಎಡಗಡೆಯಿಂದ ಒಂದು ಬೈಕು ನುಗ್ಗಿ ಬಂತು. ಅವರು ಮುಂದಿನ ಸೀಟಿನ ಕಬ್ಬಿಣದ ಸರಳನ್ನು ಗಟ್ಟಿಯಾಗಿ ಹಿಡಿದರು. ಬೈಕು ದಾಟಿತು. ಹಿಡಿತ ಸಡಿಲಿಸಿ ಅದೇ ಸರಳಿನ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದರು. ಆ ಗದ್ದಲದಲ್ಲಿ ಡ್ರೈವರನಿಗೆ ಅದು ಕೇಳಿಸುವಂತಿರಲಿಲ್ಲ. ಬಸ್ಸು ಹೊರಳಿತು.