ಇನ್ನೂರು ಅಡಿಯಲ್ಲಿ ಹೇಳಬೇಕಾದ ಮಾತು

ತನಿಖಾ ವರದಿಯಲ್ಲಿ ನನ್ನ ಬಗ್ಗೆ ಒಳ್ಳೆಯದನ್ನೇ ಬರೆದಿದ್ದಾರೆ. ಸಹಪೈಲಟ್ ಎರಡು ಸಲ ಎಚ್ಚರಿಸಿದರೂ ಕ್ಯಾಪ್ಟನ್ ಕಿವಿಗೊಡಲಿಲ್ಲವಂತೆ. ಆ ಸಾಲು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಅದು ಮಳೆಗಾಲದ ಬೆಳಿಗ್ಗೆ. ನಮ್ಮದು ಸಣ್ಣ ಬಾಡಿಗೆ ವಿಮಾನ. ಹಿಂದೆ ಒಬ್ಬನೇ ಪ್ರಯಾಣಿಕ, ಪಟಾನ್‌ಚೆರು ಕಡೆ ಕಾರ್ಖಾನೆ ಇರುವ ದೊಡ್ಡ ಮನುಷ್ಯ. ಹತ್ತೂವರೆಗೆ ಅವನ ಮಗಳ ನಿಶ್ಚಿತಾರ್ಥದ ಮುಹೂರ್ತ. ಹೈದರಾಬಾದಿನ ಮೇಲೆ ಮೋಡ ನೆಲದವರೆಗೆ ಇಳಿದಿತ್ತು. ಇಂಥ ಹೊತ್ತಿನಲ್ಲಿ ಉಪಕರಣಗಳನ್ನೇ ನಂಬಿ ಇಳಿಯಬೇಕು. ಇನ್ನೂರು ಅಡಿಗೆ ಬಂದಾಗಲೂ ರನ್‌ವೇ ಕಾಣದಿದ್ದರೆ ಮರುಮಾತಿಲ್ಲದೆ ಮೇಲೇರಬೇಕು. ಆಗ ‘ಗೋ ಅರೌಂಡ್’ ಎಂದು ಗಟ್ಟಿಯಾಗಿ ಕೂಗಿ ಹೇಳುವುದು ನನ್ನ ಕೆಲಸ.

ಮೊದಲ ಸಲ ಏನೂ ಕಾಣಲಿಲ್ಲ. ನಾನು ಕೂಗಿದೆ, ಕ್ಯಾಪ್ಟನ್ ತಕ್ಷಣ ಮೇಲೇರಿಸಿದರು. ಬೇರೆ ಊರಿಗೆ ಹೋಗೋಣ ಎಂದೂ ಅಂದರು. ಅಷ್ಟರಲ್ಲಿ ಆ ಮಹಾಶಯ ಹಿಂದಿನಿಂದ ತಲೆ ತೂರಿಸಿ, ಇನ್ನೊಂದೇ ಸಲ ನೋಡಿ, ಮುಹೂರ್ತ ಮೀರುತ್ತದೆ ಎಂದು ಹಿಂದಿಯಲ್ಲಿ ಗೋಗರೆದ. ಕ್ಯಾಪ್ಟನ್ ಕರಗಿದರು. ಇಂಧನ ಬೇಕಾದಷ್ಟಿತ್ತು, ಬುದ್ಧಿಗೆ ಮಾತ್ರ ಬರ ಬಂದಿತ್ತು.

ಕ್ಯಾಪ್ಟನ್ ಬೀದರ್ ಕಡೆಯವರು, ನಾನು ಕಲಬುರ್ಗಿಯವನು. ಅವರನ್ನು ಕಾಕಾ ಎನ್ನುತ್ತಿದ್ದೆ. ಹೈದರಾಬಾದಿನ ತಾರ್ನಾಕದಲ್ಲಿದ್ದ ಅವರ ಮನೆಯಲ್ಲಿ ಎಷ್ಟೋ ಭಾನುವಾರ ಉಂಡವನು. ಹಿರಿಯರು ಗಿರಾಕಿಯ ಎದುರು ಒಪ್ಪಿಕೊಂಡದ್ದಕ್ಕೆ ನಾನು ಅಡ್ಡ ಬರುವುದು ಹೇಗೆ ಎಂದುಕೊಂಡೆ. ಎಂಥ ಹಾಳು ಮರ್ಯಾದೆ ಅದು.

ಎರಡನೇ ಸಲ ಇನ್ನೂರು ಅಡಿ. ಗಾಜಿನ ಮುಂದೆ ಬರೀ ಬಿಳುಪು.

“ಕಾಕಾ, ರನ್‌ವೇ ಕಾಣಾಕತ್ತಿಲ್ಲರಿ.”

“ತಡೀಪಾ, ಕಾಣತೈತಿ.”

“ಮ್ಯಾಲ ಹೋಗೋಣೇನ್ರಿ?”

ಅವರು ಉತ್ತರ ಕೊಡುವ ಮೊದಲೇ ಬಿಳುಪಿನೊಳಗಿಂದ ನಿಲ್ದಾಣದ ಸುತ್ತುಗೋಡೆ ಎದ್ದು ಬಂತು, ವಿಮಾನ ಅದಕ್ಕೆ ಬಡಿಯಿತು. ಕಾಕಾ ಅಲ್ಲೇ ಹೋದರು. ನನ್ನ ಭುಜದ ಮೂಳೆ ಮುರಿಯಿತು, ಪ್ರಯಾಣಿಕನ ಕೈ ಮುರಿಯಿತು. ಪುರೋಹಿತರು ಅದೇ ಸಂಜೆಗೆ ಇನ್ನೊಂದು ಮುಹೂರ್ತ ಹುಡುಕಿಕೊಟ್ಟರಂತೆ. ಕೈಗೆ ಪಟ್ಟಿ ಕಟ್ಟಿಕೊಂಡು ಕೂತೇ ಅವನು ನಿಶ್ಚಿತಾರ್ಥ ಮುಗಿಸಿದ. ಸಂಜೆಗೂ ಮುಹೂರ್ತವಿತ್ತು. ಇದನ್ನು ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ.

ವರದಿ ಬಂದ ಮೇಲೆ ಕಾಕಾ ಅವರ ಹೆಂಡತಿ ಕಾಕುವನ್ನು ನೋಡಲು ತಾರ್ನಾಕಕ್ಕೆ ಹೋದೆ. ಗೋಡೆಯ ಮೇಲೆ ಕಾಕಾ ಫೋಟೋ ಇತ್ತು, ಹಾರ ಇರಲಿಲ್ಲ. ಕಾಕು ಚಹಾ ಕೊಟ್ಟು ಎದುರಿಗೆ ಕೂತರು.

“ನೀ ಎರಡು ಸಲ ಹೇಳೀದಿ, ಅವರು ಕೇಳಲಿಲ್ಲ. ಮನ್ಯಾಗೂ ಹಂಗ. ಹಟ ಮಾಡಿ ನನ್ನ ನಡು ನೀರಾಗ ಬಿಟ್ಟು ಹೋದರು.”

ಸತ್ತವರನ್ನು ಅವರು ಬೈಯುತ್ತಿದ್ದರು, ನಾನು ಅವರ ಚಹಾ ಕುಡಿಯುತ್ತಿದ್ದೆ. ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

“ನಾ ಹೇಳಬೇಕಾದ್ದು ಹೇಳಲಿಲ್ಲರಿ ಕಾಕು. ಗೋ ಅರೌಂಡ್ ಅಂತ ಒದರಬೇಕಿತ್ತು. ಹೋಗೋಣೇನ್ರಿ ಅಂತ ಅಪ್ಪಣಿ ಬೇಡಕೋತ ಕುಂತೆ.”

ಅವರು ಫೋಟೋ ಕಡೆ ತಿರುಗಿದರು.

“ಒದರಿದ್ರ ಕೇಳತಿದ್ರೇನು?”

“ಮೊದಲನೇ ಸಲ ಒದರಿದ್ದೆರಿ. ಕೇಳಿದ್ರು.”

ಕಾಕು ಎದ್ದರು. ನನ್ನ ಮುಂದಿದ್ದ ಕಪ್ಪನ್ನು ತೆಗೆದುಕೊಂಡು ಒಳಗೆ ಹೋದರು. ಅದರಲ್ಲಿ ಇನ್ನೂ ಅರ್ಧ ಚಹಾ ಇತ್ತು.