ಹುಳು ಮನೆಯ ಪಕ್ಕದ ಬೈಕು

ನಮ್ಮ ಮನೆಯಲ್ಲಿ ರೇಷ್ಮೆ ಹುಳು ಇರುವಷ್ಟು ದಿನ ಯಾರೂ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯುವ ಹಾಗಿಲ್ಲ. ಇದು ನನ್ನ ಹೆಂಡತಿ ಮಾಡಿದ ಕಾನೂನು. ಹುಳು ಸಾಕುವವಳು ಅವಳು. ನಾನು ಸೋಂಪುರದ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಕಂಪ್ರೆಸರ್ರೋ ಪಂಪೋ ಕೆಟ್ಟು ಕೂತರೆ ಎಬ್ಬಿಸುವುದು ನನ್ನ ಕೆಲಸ. ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮೂರು. ಮನೆಯ ಹಿಂದೆ ಹುಳು ಮನೆ. ಅದರ ಗೋಡೆಗೇ ಸೇರಿಸಿ ಇಳಿಸಿದ ತಗಡಿನ ಶೆಡ್ಡು. ಮೊದಲು ಅಲ್ಲಿ ಹಿಪ್ಪುನೇರಳೆ ಸೊಪ್ಪು ತಂದು ಹಾಕುತ್ತಿದ್ದೆವು. ಅದೇ ಶೆಡ್ಡಿಗೆ ನಾನು ಆ ಬೈಕನ್ನು ತಂದು ನಿಲ್ಲಿಸಿದ್ದು.

ಬೈಕು ನನ್ನ ಗೆಳೆಯನದು. ಅವನು ದೊಡ್ಡಬಳ್ಳಾಪುರದವನು, ಈಗ ಶಾಲೆಯೊಂದರ ವ್ಯಾನ್ ಓಡಿಸುತ್ತಾನೆ. ಇಪ್ಪತ್ತೈದು ವರ್ಷದ ಕೆಳಗೆ ನಾವಿಬ್ಬರೂ ಸೇರಿ ಎರಡು ಸ್ಟ್ರೋಕಿನ ಒಂದು ಮಾಮೂಲಿ ಬೈಕನ್ನು ಮಣ್ಣಿನ ರೇಸಿಗೆಂದು ಬದಲಾಯಿಸಿದ್ದೆವು. ದೀಪ, ಹಾರನ್ನು, ಹಿಂದಿನ ಸೀಟು ಎಲ್ಲ ಕಿತ್ತು ಹಾಕಿ, ಸೈಲೆನ್ಸರನ್ನು ಮೇಲಕ್ಕೆತ್ತಿ, ಗಟ್ಟಿ ಗಂಟುಗಳಿರುವ ಟೈರು ಹಾಕಿಸಿ, ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳಗಳಲ್ಲಿ ಓಡಿಸುತ್ತಿದ್ದೆವು. ಬಹುಮಾನ ಗೆದ್ದದ್ದು ಕಡಿಮೆ, ಬಿದ್ದದ್ದು ಜಾಸ್ತಿ. ಆಮೇಲೆ ಇಬ್ಬರಿಗೂ ಮದುವೆಯಾಯಿತು, ಬೈಕು ಅವನ ಹಿತ್ತಲಲ್ಲಿ ಟಾರ್ಪಾಲಿನಡಿ ಉಳಿಯಿತು. ಎರಡು ವರ್ಷದ ಹಿಂದೆ ಅವನು ಮಹಡಿ ಮನೆಗೆ ಬಾಡಿಗೆಗೆ ಹೋದಾಗ ಫೋನ್ ಮಾಡಿದ.

"ಲೇ ಗುರು, ಇಲ್ಲಿ ಗಾಡಿ ಇಡೋಕೆ ಜಾಗ ಇಲ್ಲ ಕಣೋ. ಗುಜರಿಗೆ ಹಾಕೋಕೆ ಮನಸ್ ಬರ್ತಿಲ್ಲ. ನಿಮ್ಮನೇಲಿ ಶೆಡ್ ಐತಲ್ಲಾ, ತಗೊಂಡೋಗಿ ರೆಡಿ ಮಾಡು. ನಿಂಗೇನು, ಫ್ಯಾಕ್ಟರಿ ಮಿಷಿನ್ನೇ ಬಿಚ್ಚಿ ಜೋಡಿಸ್ತೀಯ."

ಆ ಕೊನೆಯ ಮಾತಿಗೆ ನಾನು ಉಬ್ಬಿಹೋದೆ. ಎರಡು ತಿಂಗಳ ಕೆಲಸ ಅಂದುಕೊಂಡೆ.

ಎರಡು ತಿಂಗಳು ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಅರ್ಥವೇ ಇಲ್ಲ ಎಂದು ಆಗ ನನಗೆ ಹೊಳೆದಿರಲಿಲ್ಲ. ಚಾಕಿ ಹುಳು, ಅಂದರೆ ಎರಡು ಜ್ವರ ಮುಗಿಸಿದ ಸಣ್ಣ ಹುಳು, ನಮ್ಮ ಮನೆಗೆ ಬಂದ ಮೇಲೆ ಸುಮಾರು ಇಪ್ಪತ್ತೈದು ದಿನ ಅವುಗಳದ್ದೇ ರಾಜ್ಯ. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಮೂರನೇ ಜ್ವರ, ನಾಲ್ಕನೇ ಜ್ವರ ಕಳೆದು, ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರು ತಟ್ಟೆಗೆ ಏರಿ, ಗೂಡು ಕಟ್ಟಿ ಮುಗಿಸುವವರೆಗೆ ಪೆಟ್ರೋಲು, ಸೀಮೆಎಣ್ಣೆ, ಪೇಂಟು, ಬೀಡಿ ಹೊಗೆ ಯಾವುದರ ವಾಸನೆಯೂ ಸುಳಿಯಬಾರದು. ಹುಳು ಮೇವು ಬಿಡುತ್ತವೆ, ವಾಂತಿ ಮಾಡಿಕೊಳ್ಳುತ್ತವೆ, ಸಾಯುತ್ತವೆ. ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಮುಂದಿನ ಹುಳು ಬರುವ ತನಕ ಹದಿನೈದು ದಿನ ಖಾಲಿ. ಆ ಹದಿನೈದು ದಿನ ನನ್ನದು. ಅದರಲ್ಲೂ ಭಾನುವಾರಗಳು ಎರಡೇ.

ಮೊದಲನೇ ಬಿಡುವಿನಲ್ಲಿ ಎಂಜಿನ್ ಪೂರ್ತಿ ಬಿಚ್ಚಿದೆ. ಪಿಸ್ಟನ್ನಿಗೆ ಹೊಸ ರಿಂಗು, ಕ್ರ್ಯಾಂಕಿಗೆ ಹೊಸ ಬೇರಿಂಗು, ಎರಡೂ ಕಡೆ ಹೊಸ ಆಯಿಲ್ ಸೀಲು. ಆ ಹಳೆಯ ಗಾಡಿಗೆ ಸಾಮಾನು ಸಿಗುವುದೇ ಕಷ್ಟ. ಸಿಟಿಗೆ ಹೋಗಿ ತಂದ ರಿಂಗು ಅಳತೆ ತಪ್ಪಿ ಬಂತು, ವಾಪಸ್ಸು ಹೋಗಿ ಬದಲಾಯಿಸಿಕೊಂಡು ಬರುವಷ್ಟರಲ್ಲಿ ಒಂದು ಭಾನುವಾರ ಮುಗಿದಿತ್ತು. ಜೋಡಿಸಲು ಕೂತದ್ದು ಕೊನೆಯ ದಿನ.

"ರೀ, ನಾಳೆ ಬೆಳಗ್ಗೆ ಹುಳು ಬರ್ತಾವೆ. ಸಾಯಂಕಾಲಕ್ಕೆ ಶೆಡ್ ಕ್ಲೀನ್ ಆಗಿರ್ಬೇಕು, ಒಂದು ಹನಿ ಪೆಟ್ರೋಲ್ ಇರಬಾರ್ದು" ಎಂದು ಹೆಂಡತಿ ಬೆಳಗಿನಿಂದ ಮೂರು ಸಲ ಹೇಳಿ ಹೋದಳು. ನಾನು ಗಡಿಬಿಡಿಯಲ್ಲಿ ಎಲ್ಲ ಜೋಡಿಸಿ ಬೋಲ್ಟು ಬಿಗಿದೆ. ಸ್ಟಾರ್ಟ್ ಮಾಡಿ ನೋಡಲು ಹೊತ್ತಿರಲಿಲ್ಲ. ಇಪ್ಪತ್ತೈದು ದಿನ ಅದನ್ನು ನೋಡುತ್ತಾ ಓಡಾಡಿದೆ. ಸೊಪ್ಪಿನ ಹೊರೆ ಹೊತ್ತು ಶೆಡ್ಡಿನ ಮುಂದೆ ಹೋಗುವಾಗ ಕಿಕ್ಕರ್ ಮೇಲೆ ಸುಮ್ಮನೆ ಕಾಲಿಟ್ಟು ಅದುಮಿ ನೋಡುತ್ತಿದ್ದೆ. ಅಷ್ಟೇ.

ಎರಡನೇ ಬಿಡುವಿನ ಮೊದಲ ದಿನ ಆರನೇ ಕಿಕ್ಕಿಗೆ ಗಾಡಿ ಹತ್ತಿಕೊಂಡಿತು. ಆ ಸದ್ದು ಕೇಳಿ ನನಗೆ ಕೂಗಿಕೊಳ್ಳುವಷ್ಟು ಖುಷಿಯಾಯಿತು. ಖುಷಿ ಐದು ನಿಮಿಷ ಇತ್ತು. ಎಂಜಿನ್ ಬಿಸಿಯಾಗುತ್ತಿದ್ದ ಹಾಗೆ, ನಾನು ಆಕ್ಸಿಲರೇಟರ್ ಮುಟ್ಟದಿದ್ದರೂ, ಅದು ತಾನಾಗಿ ಅರಚಲು ಶುರುಮಾಡಿತು. ಏರಿ ಏರಿ, ಆಮೇಲೆ ಯಾರೋ ಕತ್ತು ಹಿಸುಕಿದ ಹಾಗೆ ನಿಂತಿತು. ತಣ್ಣಗಾಗುವ ತನಕ ಎಷ್ಟು ಒದ್ದರೂ ಜಪ್ಪಯ್ಯ ಅನ್ನಲಿಲ್ಲ.

ಗೆಳೆಯನಿಗೆ ಫೋನ್ ಮಾಡಿದೆ. "ಕಾರ್ಬ್ಯುರೇಟರ್ ಕಣೋ" ಅಂದ. ಬಿಚ್ಚಿ ತೊಳೆದೆ. ಅದೇ ಕಥೆ. ಮತ್ತೆ ಫೋನ್ ಮಾಡಿದೆ. "ಸರಿಯಾಗಿ ತೊಳ್ದಿಲ್ಲ ನೀನು. ಜೆಟ್ ಒಳಗೆ ತಂತಿ ಬಿಟ್ಟು ತೆಗಿ" ಅಂದ. ಐದು ಸಲ ಬಿಚ್ಚಿದೆ. ಕಣ್ಣು ಮುಚ್ಚಿಕೊಂಡು ಜೋಡಿಸುವಷ್ಟು ಕೈಗೆ ಅಭ್ಯಾಸವಾಯಿತೇ ಹೊರತು ಗಾಡಿ ಸರಿಹೋಗಲಿಲ್ಲ.

ಎಂಜಿನ್ ಕೈಕೊಟ್ಟರೆ ಟ್ಯಾಂಕಾದರೂ ಮುಗಿಸೋಣ ಎಂದು ಅದರ ಹಳೆಯ ಬಣ್ಣ, ತುಕ್ಕು ಎಲ್ಲವನ್ನೂ ಉಪ್ಪು ಕಾಗದದಲ್ಲಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದೆ. ಎರಡು ದಿನದ ಕೆಲಸ. ಬೆರಳ ತುದಿಯ ಚರ್ಮ ಸವೆದು ಊಟ ಮಾಡುವಾಗ ಉರಿಯುತ್ತಿತ್ತು. ಮಾರನೇ ದಿನ ಬಣ್ಣ ಹೊಡೆಯುವುದೆಂದು ಶೆಡ್ಡಿನಲ್ಲಿ ನೇತುಹಾಕಿ ಕೆಲಸಕ್ಕೆ ಹೋದೆ. ವಾಪಸ್ಸು ಬಂದಾಗ ಟ್ಯಾಂಕಿನ ಮೈತುಂಬ ಕಂದು ಚುಕ್ಕೆ, ಹೊಸದಾಗಿ ಪಾಲಿಶ್ ಮಾಡಿದ ಮುಂದಿನ ಫೋರ್ಕಿನ ಮೇಲೂ ಅದೇ ಕಂದು. ಶೆಡ್ಡೆಲ್ಲ ಬ್ಲೀಚಿಂಗ್ ಪುಡಿಯ ಘಾಟು. ಹುಳು ಮನೆಗೆ ರೋಗ ಬಾರದಿರಲೆಂದು ಹೆಂಡತಿ ಪ್ರತಿ ಸಲ ಬಿಡುವಿನಲ್ಲೇ ಬ್ಲೀಚಿಂಗ್ ನೀರು ಹೊಡೆಯುತ್ತಾಳೆ. ಈ ಸಲ ಶೆಡ್ಡಿಗೂ ಹೊಡೆದಿದ್ದಳು.

"ಹೇಳೋದಲ್ವೇನೇ? ಟ್ಯಾಂಕ್ ಆಚೆ ಎತ್ತಿಡ್ತಿದ್ದೆ" ಎಂದು ರೇಗಿದೆ.

"ಹೇಳಿದ್ನಲ್ಲಾ, ಬುಧವಾರ ಮದ್ದು ಹೊಡೀತೀನಿ ಅಂತ. ನೀವು ಆ ಗಾಡಿ ಮುಂದೆ ಕೂತಿರುವಾಗ ಹೇಳಿದ್ ಮಾತು ಯಾವ್ದು ಕಿವಿಗ್ ಹೋಗಿದೆ?"

ಹೇಳಿದ್ದಿರಬಹುದು. ಆದರೆ ಆ ಹೊತ್ತಿನಲ್ಲಿ ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ. ನನ್ನ ಪೆಟ್ರೋಲು ಅವಳ ಹುಳುವಿಗೆ ವಿಷ, ಅವಳ ಮದ್ದು ನನ್ನ ಕಬ್ಬಿಣಕ್ಕೆ ವಿಷ. ನಡುವೆ ಒಂದೇ ಒಂದು ಗೋಡೆ, ಅದರಲ್ಲೊಂದು ಜಾಲರಿ ಕಿಟಕಿ.

ಮುಂದಿನ ಬಿಡುವಿನಲ್ಲಿ ಇಗ್ನಿಷನ್ ಕಾಯಿಲ್ ಬದಲಾಯಿಸಿದೆ. ಅದರ ಮುಂದಿನದರಲ್ಲಿ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಬಿಡುವ ಜೆಟ್ಟನ್ನು ಬೇರೆ ಅಳತೆಯದು ಹಾಕಿದೆ. ಪ್ರತಿ ಸಲ ಏನೋ ಒಂದು ಹೊಳೆಯುವುದು, ಅದನ್ನು ಪರೀಕ್ಷೆ ಮಾಡುವ ಹೊತ್ತಿಗೆ ಹುಳು ಬಂದು ಕೂರುವುದು. ಫ್ಯಾಕ್ಟರಿಯಲ್ಲಿ ಮೆಷಿನ್ನು ಕೆಟ್ಟರೆ ನನ್ನ ಕೈಗೆ ಬಂದ ಮೇಲೆ ಅರ್ಧ ಶಿಫ್ಟೂ ನಿಲ್ಲುವುದಿಲ್ಲ ಎಂಬ ಹೆಸರಿದೆ. ಮನೆಯಲ್ಲಿ ಅಂಗೈ ಅಗಲದ ಎಂಜಿನ್ನೊಂದು ವರ್ಷದಿಂದ ನನ್ನ ಮುಖಕ್ಕೆ ಹೊಗೆ ಉಗುಳುತ್ತಿತ್ತು. ಊಟ ಮಾಡುವಾಗಲೂ ಅದೇ ಯೋಚನೆ. ಯಾರಾದರೂ "ಗಾಡಿ ಏನಾಯ್ತು?" ಎಂದರೆ ಮೈ ಉರಿಯುತ್ತಿತ್ತು.

ಹಾಗಿರುವಾಗ ಆ ಭಾನುವಾರ ಬಂತು. ಹುಳು ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಹಗಲೂ ರಾತ್ರಿ ತಿನ್ನುವ ಸಮಯ. ಹೆಂಡತಿ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ನನಗೆ ಹಿಂದಿನ ದಿನವಷ್ಟೇ ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ಕಾಕ್‌ನಲ್ಲಿ ಕಸ ಕಟ್ಟಿರಬಹುದು ಅನ್ನಿಸಿತ್ತು. ಎರಡೇ ನಿಮಿಷ, ಅದನ್ನು ಬಿಚ್ಚಿ ಊದಿ, ಒಂದು ಸಲ ಸ್ಟಾರ್ಟ್ ಮಾಡಿ, ಬಿಸಿಯಾದಾಗ ಅರಚುತ್ತದಾ ನೋಡಿ ನಿಲ್ಲಿಸಿಬಿಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಗಾಳಿ ಆಚೆ ಕಡೆಗೆ ಬೀಸುತ್ತಿದೆ ಎಂದೂ ಹೇಳಿಕೊಂಡೆ. ಬಾಟಲಿಯಿಂದ ಸ್ವಲ್ಪ ಪೆಟ್ರೋಲ್ ಬಗ್ಗಿಸಿ ಸ್ಟಾರ್ಟ್ ಮಾಡಿದೆ. ಎರಡು ನಿಮಿಷ ಹೋಗಿ ನಾಲ್ಕಾಯಿತು. ಎಣ್ಣೆ ಬೆರೆತ ನೀಲಿ ಹೊಗೆ ತಗಡಿನ ಕೆಳಗೆ ತುಂಬಿಕೊಂಡು, ಜಾಲರಿ ಕಿಟಕಿಯಲ್ಲಿ ನುಗ್ಗುವುದು ನನ್ನ ಕಣ್ಣಿಗೆ ಬಿದ್ದಾಗ ಆಫ್ ಮಾಡಿದೆ. ತಡವಾಗಿತ್ತು.

ಸಂಜೆಯ ಹೊತ್ತಿಗೆ ಕಿಟಕಿ ಪಕ್ಕದ ಎರಡು ಸ್ಟ್ಯಾಂಡಿನ ಹುಳುಗಳು ತಲೆ ಎತ್ತಿಕೊಂಡು ನಿಂತಿದ್ದವು. ಕೊಟ್ಟ ಸೊಪ್ಪು ಹಾಗೇ ಬಾಡುತ್ತಿತ್ತು. ಕೆಲವು ಹಸಿರು ನೀರು ಕಕ್ಕಿದ್ದವು. ಹೆಂಡತಿ ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಬಂದು ನನ್ನ ಮುಂದೆ ಹಿಡಿದಳು.

"ನಿಮ್ ಗಾಡಿ ನಿಂತ್ರೆ ಇನ್ನೊಂದ್ ಕಿಕ್ ಹೊಡೀಬೋದು. ಇದು ಮೇವು ನಿಲ್ಲಿಸಿದ್ರೆ ಯಾರ್ ಬಂದು ಕಿಕ್ ಹೊಡೀತಾರೆ, ಹೇಳಿ?"

ಮಾರನೇ ದಿನ ಕೆಲಸಕ್ಕೆ ರಜೆ ಹಾಕಿ, ಸತ್ತ ಹುಳುಗಳನ್ನು ಮಂಕರಿಯಲ್ಲಿ ತುಂಬಿ ದೂರ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆ. ಮಿಕ್ಕ ಸ್ಟ್ಯಾಂಡುಗಳು ಉಳಿದವು. ಆದರೆ ಮೂರು ದಿನ ಅವಳು ನನ್ನನ್ನು ಊಟಕ್ಕೆ ಕರೆಯುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಸಿಟ್ಟೆಲ್ಲ ಆ ಗಾಡಿಯ ಮೇಲೆ ಬಂದು, ಸ್ಪ್ಯಾನರನ್ನು ಶೆಡ್ಡಿನ ಮೂಲೆಗೆ ಎಸೆದೆ. ಗಾಡಿಯದೇನು ತಪ್ಪು.

ಮುಂದಿನ ಬಿಡುವು ಪೂರ್ತಿ ಆ ಜಾಲರಿ ಕಿಟಕಿ ಮುಚ್ಚುವುದಕ್ಕೆ ಹೋಯಿತು. ಕಿಟಕಿ ಮುಚ್ಚಿದರೆ ಹುಳುವಿಗೆ ಗಾಳಿ ಸಾಲದು ಎಂದಳು. ಸರಿ ಎಂದು ಎದುರು ಗೋಡೆ ಒಡೆದು ಅಲ್ಲೊಂದು ಕಿಟಕಿ ಇಟ್ಟೆ. ಕಾನೂನೂ ಬದಲಾಯಿತು. ಹುಳು ಇರಲಿ ಬಿಡಲಿ, ಶೆಡ್ಡಿನಲ್ಲಿ ಪೆಟ್ರೋಲು ಇರಕೂಡದು. ಬಿಚ್ಚುವುದು ಜೋಡಿಸುವುದು ಬೇಕಾದರೆ ಅಲ್ಲಿ. ಸ್ಟಾರ್ಟ್ ಮಾಡುವುದು ಕೆರೆ ಅಂಗಳದಲ್ಲಿ. ಹಾಗಾಗಿ ಪ್ರತಿ ಪರೀಕ್ಷೆಗೂ ಗಾಡಿಯನ್ನು ಊರ ನಡುವೆ ತಳ್ಳಿಕೊಂಡು ಹೋಗಬೇಕು, ಕೈಯಲ್ಲಿ ಪೆಟ್ರೋಲ್ ಬಾಟಲಿ. ಹಾಲಿನ ಡೈರಿ ಕಟ್ಟೆಯ ಮೇಲೆ ಕೂರುವ ಹಿರಿಯರೊಬ್ಬರು ಒಂದು ದಿನವೂ ಬಿಡಲಿಲ್ಲ.

"ಏನಪ್ಪಾ, ಗಾಡಿ ಮೇಯ್ಸಕ್ ಹೊಂಟ್ಯಾ?"

ಕೆರೆಯಲ್ಲಿ ಐದು ನಿಮಿಷ ಓಡಿ, ಅರಚಿ, ನಿಲ್ಲುವುದು. ಮತ್ತೆ ತಳ್ಳಿಕೊಂಡು ಬರುವುದು.

"ಆಗ್ಲೇ ಹೊಟ್ಟೆ ತುಂಬ್ತಾ?" ಎಂದು ಅದೇ ಹಿರಿಯರು.

ಕೊನೆಗೆ ಒಂದು ಭಾನುವಾರ ಗೆಳೆಯನನ್ನು ಕರೆಸಿದೆ. ಬಂದವನೇ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಅದು ತಾನಾಗಿ ಅರಚಿ ನಿಲ್ಲುವುದನ್ನೆಲ್ಲ ನನ್ನ ಬಾಯಲ್ಲಿ ಕೇಳಿದ. ಐದು ಸಲ ಕಾರ್ಬ್ಯುರೇಟರ್ ಬಿಚ್ಚಿಸಿದ ಕೋಪವನ್ನೆಲ್ಲ ಅವನ ಮೇಲೆ ಕಾರಲು ನಾನು ಸಿದ್ಧನಾಗಿದ್ದೆ. ಅವನು, "ಫೋನಲ್ಲಿ ನೀನು ಬಿಸಿ ಆದ್ಮೇಲೆ ಆಫ್ ಆಗುತ್ತೆ ಅಂದೆ. ತಾನೇ ರೇಸ್ ಆಗುತ್ತೆ ಅಂತ ಎಲ್ಲೋ ಹೇಳ್ದೆ?" ಎಂದು ಕೇಳಿದ.

"ಹೇಳ್ದೆ ಕಣೋ."

"ಇಲ್ಲ ಭಾಯಿ, ಹೇಳಿಲ್ಲ. ಹೇಳಿದ್ರೆ ಅವತ್ತೇ ಸೀಲ್ ನೋಡು ಅಂತಿದ್ದೆ."

ಎಡಗಡೆಯ ಮ್ಯಾಗ್ನೆಟ್ ಬಿಚ್ಚಿಸಿದ. ಒಂದು ಲೋಟದಲ್ಲಿ ಬಟ್ಟೆ ಸೋಪು ಕದಡಿ ತರಿಸಿ, ಕ್ರ್ಯಾಂಕಿನ ಆಯಿಲ್ ಸೀಲಿನ ಸುತ್ತ ಆ ನೀರನ್ನು ಹಚ್ಚಿ, ಕಿಕ್ಕರನ್ನು ಕೈಯಲ್ಲೇ ಮೆಲ್ಲಗೆ ಒತ್ತಲು ಹೇಳಿದ. ಒತ್ತಿದೆ. ಸೀಲಿನ ಅಂಚಿನಲ್ಲಿ ನೊರೆ ಗುಳ್ಳೆ ಎದ್ದಿತು. ಇನ್ನೊಮ್ಮೆ ಒತ್ತಿದೆ, ಇನ್ನೊಂದು ಗುಳ್ಳೆ.

"ಇಲ್ಲಿಂದ ಗಾಳಿ ಎಳ್ಕೊಂತೈತೆ. ಪೆಟ್ರೋಲ್ ಕಮ್ಮಿ ಆಗಿ ಅರಚ್ತೈತೆ. ಕಾರ್ಬ್ಯುರೇಟರ್ ತೊಳ್ದು ಏನ್ ಮಾಡ್ತೀಯ?"

"ಹೊಸ ಸೀಲ್ ಹಾಕಿದ್ದೀನಲ್ಲೋ!"

ಕಿತ್ತು ನೋಡಿದೆವು. ಸೀಲಿನ ತುಟಿಯನ್ನು ಬಿಗಿಯಾಗಿ ಹಿಡಿದಿರಬೇಕಾದ ಕೂದಲಿನಷ್ಟು ಸಣ್ಣ ಸ್ಪ್ರಿಂಗು ತನ್ನ ಜಾಗದಿಂದ ಎದ್ದು ಬಂದು, ಒಂದು ಕಡೆ ಮುದುರಿಕೊಂಡು ಕೂತಿತ್ತು. ಸೀಲನ್ನು ಓರೆಯಾಗಿ ಬಡಿದರೆ ಹಾಗಾಗುತ್ತದೆ. ಅದು ನನಗೆ ಗೊತ್ತಿರದ ವಿಷಯವಲ್ಲ. ಫ್ಯಾಕ್ಟರಿಗೆ ಹೊಸದಾಗಿ ಸೇರಿದವರಿಗೆ, ಸೀಲನ್ನು ಯಾವತ್ತೂ ಸುತ್ತಿಗೆಯಲ್ಲಿ ಹೊಡೆಯಬೇಡಿ, ಗ್ರೀಸ್ ಸವರಿ ಒತ್ತಿ ಕೂರಿಸಿ ಎಂದು ನಾನೇ ಹೇಳಿಕೊಡುತ್ತೇನೆ.

"ಇದನ್ನ ಯಾರ್ ಹಾಕಿದ್ದು?" ಗೆಳೆಯ ಕೇಳಿದ.

"ನಾನೇ" ಎಂದೆ. ಮೊದಲನೇ ಬಿಡುವಿನ ಕೊನೆಯ ದಿನ, ಹುಳು ಬರುವ ಮುಂಚೆ ಮುಗಿಸಬೇಕೆಂದು, ಸುತ್ತಿಗೆಯಲ್ಲಿ ಎರಡೇಟು ಹಾಕಿದ್ದು ಸ್ಪಷ್ಟವಾಗಿ ನೆನಪಾಯಿತು. ಒಂದೂವರೆ ವರ್ಷ ಕಾರ್ಬ್ಯುರೇಟರನ್ನು ಬೈದೆ, ಕಾಯಿಲನ್ನು ಬೈದೆ, ಸಾಮಾನು ಕೊಟ್ಟ ಅಂಗಡಿಯವನನ್ನು, ಗೆಳೆಯನನ್ನು, ಹುಳುವನ್ನು, ಹೆಂಡತಿಯನ್ನು ಬೈದೆ. ಅಷ್ಟು ಜನರಲ್ಲಿ ಸುತ್ತಿಗೆ ಹಿಡಿದವನು ನಾನೊಬ್ಬನೇ. ಕೋಪ ಎಲ್ಲಿಗೆ ಹೋಗಬೇಕೆಂದು ಗೊತ್ತಾಗದೆ, ಸ್ವಲ್ಪ ಹೊತ್ತು ಆ ಸ್ಪ್ರಿಂಗನ್ನು ಬೆರಳಲ್ಲಿ ತಿರುಗಿಸುತ್ತಾ ಕೂತೆ.

ಹೊಸ ಸೀಲು ಸಿಗುವುದಕ್ಕೆ ಎರಡು ವಾರ ಬೇಕಾಯಿತು. ಈ ಸಲ ಅದನ್ನು ಕೂರಿಸಲು ಒಂದು ಇಡೀ ಬೆಳಗ್ಗೆ ತೆಗೆದುಕೊಂಡೆ. ಗೆಳೆಯನೂ ಬಂದಿದ್ದ. ಇಬ್ಬರೂ ಸೇರಿ ಗಾಡಿಯನ್ನು ಕೆರೆಗೆ ತಳ್ಳಿದೆವು. ಡೈರಿ ಕಟ್ಟೆಯ ಹಿರಿಯರು, "ಇವತ್ತು ಇಬ್ರಾ?" ಎಂದರು.

ಮೂರನೇ ಕಿಕ್ಕಿಗೆ ಹತ್ತಿತು. ಐದು ನಿಮಿಷ ಕಾದೆವು. ಹತ್ತು ನಿಮಿಷ. ಎಂಜಿನ್ ಬಿಸಿಯಾಗಿ ಮುಟ್ಟಲಾಗದಷ್ಟಾದರೂ ಸದ್ದು ಏರಲಿಲ್ಲ, ಇಳಿಯಲಿಲ್ಲ. ಹತ್ತಿ ಕೂತೆ. ಒಣಗಿದ ಅಂಗಳದ ಬಿರುಕುಗಳ ಮೇಲೆ ಮೂರು ಸುತ್ತು ಹೊಡೆದೆ. ಮೊಳಕೈ, ಸೊಂಟ, ಹಲ್ಲು ಎಲ್ಲ ಅಲುಗಾಡಿದವು. ಹಳೆಯ ದಿನಗಳೇನೂ ನೆನಪಾಗಲಿಲ್ಲ. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂಬ ಭಯವೊಂದೇ. ನಾಲ್ಕನೇ ಸುತ್ತಿಗೆ ಗೆಳೆಯ ಕೂತ. ಅವನು ಆಚೆ ದಡದ ಹತ್ತಿರ ಜಾಲಿ ಗಿಡಗಳ ಬಳಿ ತಿರುಗಿಸುವಾಗ ಗಾಡಿ ಆಫ್ ಮಾಡಿಕೊಂಡ. ಕಿಕ್ ಹೊಡೆಯುವುದು ದೂರದಿಂದ ಕಂಡಿತು. ಒಂದು, ಎರಡು, ಆಮೇಲೆ ಕಾಲು ಸುಮ್ಮನೆ ಕೆಳಗೆ ಜಾರಿತು.

ನಾನು ಓಡಿ ಹೋಗುವಷ್ಟರಲ್ಲಿ ಅವನು ಮಂಡಿ ಹಿಡಿದುಕೊಂಡು ನಗುತ್ತಿದ್ದ. "ಕಿಕ್ಕರ್ ಹಲ್ಲು ಹೋಯ್ತು ಗುರು. ಆದ್ರೆ ಏನ್ ಎಳೀತೈತೆ ಗೊತ್ತಾ!"

ನನಗೆ ನಗು ಬರಲಿಲ್ಲ. ಮುರಿದ ಹಲ್ಲು ಒಳಗಿನ ಗೇರಿಗೆ ಸಿಕ್ಕರೆ ಕಷ್ಟ ಎಂದು ತಳ್ಳಿ ಸ್ಟಾರ್ಟ್ ಮಾಡಲೂ ಧೈರ್ಯ ಬರಲಿಲ್ಲ. ಅಷ್ಟು ದೂರದಿಂದ ಬಿಸಿಲಲ್ಲಿ ತಳ್ಳಿಕೊಂಡು ಬಂದದ್ದು ಹೆಚ್ಚುಕಡಿಮೆ ನಾನೊಬ್ಬನೇ. ಅವನಿಗೆ ಮಂಡಿ ನೋವು.

ಮನೆಯಲ್ಲಿ ಹೆಂಡತಿ ಇಬ್ಬರಿಗೂ ಕಾಫಿ ಕೊಟ್ಟಳು.

"ಓಡ್ತಾ ಅಣ್ಣಾ?" ಎಂದು ಅವನನ್ನು ಕೇಳಿದಳು.

"ಬೆಂಕಿ ತಂಗ್ಯವ್ವಾ. ನಿನ್ ಗಂಡ ಫಸ್ಟ್ ಕ್ಲಾಸಾಗಿ ಮಾಡವ್ನೆ."

ಅವಳು ನನ್ನ ಮುಖ ನೋಡಿದಳು. "ನಾಕು ಸುತ್ತು ಓಡ್ತು. ಈಗ ಕಿಕ್ಕರ್ ಹೋಯ್ತು" ಎಂದೆ.

"ಅದಕ್ಕೆಷ್ಟು ದಿನ ಬೇಕು?"

ಒಂದೂವರೆ ವರ್ಷದಲ್ಲಿ ಅವಳು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅಣಕವಿರಲಿಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದ್ದಳು. ಒಳಗಿನ ಗೇರೂ ಹೋಗಿದ್ದರೆ ಎಂಜಿನ್ನಿನ ಬಲಗಡೆ ಪೂರ್ತಿ ಬಿಚ್ಚಬೇಕು. ಸಾಮಾನು ಎಲ್ಲಿ ಸಿಗುತ್ತದೋ ದೇವರೇ ಬಲ್ಲ. ಬಿಚ್ಚಿ ನೋಡದೆ ಹೇಳಲಾಗುವುದಿಲ್ಲ ಎಂದೆ.

ಗೆಳೆಯನನ್ನು ಬಸ್ ಹತ್ತಿಸಿ ಬಂದು, ಬಟ್ಟೆಯನ್ನೂ ಬದಲಾಯಿಸದೆ ಶೆಡ್ಡಿಗೆ ಹೋದೆ. ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನು ಹೊರಗೆ ಬಾಟಲಿಗೆ ಬಗ್ಗಿಸಿ, ಬಲಗಡೆ ಕವರಿನ ಬೋಲ್ಟು ಬಿಚ್ಚಲು ಕೂತೆ. ಮೊದಲನೆಯದು ಬಂತು, ಎರಡನೆಯದೂ ಬಂತು. ಮೂರನೆಯದರ ತಲೆ ಮುರಿದು ಕೈಗೆ ಬಂತು.