ಷಡ್ಡಕನ ಬರಾಕುಡಾ

ಚನ್ನಗಿರಿಯ ಅಡಿಕೆ ವ್ಯಾಪಾರಿ ಷಣ್ಮುಖಪ್ಪನವರಿಗೆ ಹೆಂಡತಿಯ ತವರಿನಲ್ಲಿ ಸಿಗುತ್ತಿದ್ದ ಮರ್ಯಾದೆಯಲ್ಲಿ ಅರ್ಧ ಅವರ ಅಂಬಾಸಿಡರ್ ಕಾರಿನದು. ಸಂತೇಬೆನ್ನೂರಿಗೆ ಅದು ಬಂತೆಂದರೆ ಅತ್ತೆ ಕಸ್ತೂರಮ್ಮ ಬಾಗಿಲಿಗೇ ಬರುತ್ತಿದ್ದರು. ಎಪ್ಪತ್ನಾಲ್ಕರ ಬಸವ ಜಯಂತಿಯವರೆಗೆ ಹೀಗೇ ನಡೆದಿತ್ತು.

ಆ ದಿನ ಹೊನ್ನಾಳಿಯ ಷಡ್ಡಕ ಬೆನಕಪ್ಪ ಬೊಂಬಾಯಿ ಹರಾಜಿನಲ್ಲಿ ಹಿಡಿದ ಅಮೆರಿಕದ ಕಾರಿನಲ್ಲಿ ಬಂದಿಳಿದ. ಹಸಿರು ಬಣ್ಣ, ಎಂಟು ಸಿಲಿಂಡರಿನ ಇಂಜಿನ್, ಎಡಕ್ಕೆ ಸ್ಟೇರಿಂಗ್, ಎರಡು ಸೀಟುಗಳ ನಡುವೆ ಗೇರು. ಹಿಂದಿನ ಸೀಟು ಮಡಚಿದರೆ ಹಾಸಿಗೆ ಹಾಸುವಷ್ಟು ಜಾಗ. ಇಂಜಿನ್ ಗುಡುಗಿದ್ದಕ್ಕೆ ಕೊಟ್ಟಿಗೆಯ ಎಮ್ಮೆ ಹಗ್ಗ ಕಿತ್ತುಕೊಂಡಿತು. ಹೆಸರು ಬರಾಕುಡಾ.

“ಬರಕೂಡದು ಅಂತ ಹೆಸರೇ ಹೇಳ್ತೈತಲ್ಲ, ಯಾಕ್ ತಂದ್ರಿ?” ಎಂದರು ಷಣ್ಮುಖಪ್ಪ.

ಎಲ್ಲರೂ ನಕ್ಕರು. ನಕ್ಕು ಮತ್ತೆ ಆ ಕಾರಿನ ಕಡೆಗೇ ತಿರುಗಿದರು. ಷಣ್ಮುಖಪ್ಪನವರ ಹೆಂಡತಿ ಸರ್ವಮಂಗಳಮ್ಮನೂ ತಂಗಿಯ ಜೊತೆ ಅದರಲ್ಲಿ ಒಂದು ಸುತ್ತು ಹೋಗಿಬಂದರು. ಷಣ್ಮುಖಪ್ಪ ಅವತ್ತು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟರು.

ಕಾರಿನ ಮೇಲಿದ್ದ ಮೀನಿನ ಗುರುತು ಮಾತ್ರ ಅವರ ಕಣ್ಣಿಗೆ ಬಿದ್ದಿತ್ತು. ದಾವಣಗೆರೆಯಲ್ಲಿ ಇಂಗ್ಲಿಷ್ ಮೇಷ್ಟರೊಬ್ಬರನ್ನು ಕೇಳಿ ಹೆಸರಿನ ಅರ್ಥ ತಿಳಿದವರೇ ಅತ್ತೆಯ ಮುಂದೆ ಹೋಗಿ ಕೂತರು.

“ಅತ್ತೇರೆ, ಬರಾಕುಡಾ ಅಂದ್ರೆ ಸಮುದ್ರದ ಮೀನಂತೆ. ಬೇರೆ ಮೀನು ಹಿಡ್ಕಂಡು ತಿಂತೈತಂತೆ. ಲಿಂಗ ಕಟ್ಟಿದೋರು ಅದ್ರಾಗೆ ಕೂರೋದು ಹೆಂಗೆ?”

ಕಸ್ತೂರಮ್ಮ ಕಾರು ತರುವಂತೆ ಬೆನಕಪ್ಪನಿಗೆ ಹೇಳಿಕಳಿಸಿದರು. ಅವನು ಹೆದರುತ್ತಲೇ ಬಂದ. ಅತ್ತೆ ಅಂಗಳಕ್ಕಿಳಿದು, ಮೀನನ್ನೂ ಹೆಸರನ್ನೂ ಕೀಳಿಸಿ, ಬಾನೆಟ್ಟಿಗೆ ವಿಭೂತಿ ಬಳಿದು, “ಇವತ್ತಿಂದ ಇದು ನಂದಿ” ಎಂದರು. ಕೇರಿಗೆಲ್ಲ ಬೆಲ್ಲ ಹಂಚಿದರು. ವರ್ಷಗಟ್ಟಲೆ ಅದೇ ಅಂಗಳದಲ್ಲಿ ನಿಂತ ಅಂಬಾಸಿಡರಿಗೆ ಅವರು ಯಾವ ಹೆಸರೂ ಇಟ್ಟಿರಲಿಲ್ಲ. ಷಣ್ಮುಖಪ್ಪ ಬೆಲ್ಲ ಮುಟ್ಟದೆ ಎದ್ದುಹೋದರು.

ಮುಂದೆ ಬಿಡಿಭಾಗ ಸಿಗದೆ, ಪೆಟ್ರೋಲು ಪೂರೈಸದೆ, ಎಂಬತ್ತರ ಹೊತ್ತಿಗೆ ಬೆನಕಪ್ಪ ನಂದಿಯನ್ನು ಮಾರಾಟಕ್ಕಿಟ್ಟ. ಷಣ್ಮುಖಪ್ಪ ದಲ್ಲಾಳಿಯೊಬ್ಬನನ್ನು ಮುಂದೆ ಬಿಟ್ಟು, ಬೆನಕಪ್ಪನಿಗೆ ತಮ್ಮ ಹೆಸರು ತಿಳಿಯದಂತೆ ಅದನ್ನು ಕೊಂಡರು. ಸಂತೆಯ ದಿನ ಗರಿಗರಿ ಪಂಚೆ ಉಟ್ಟು, ಸಂತೇಬೆನ್ನೂರಿನ ನಡುಬೀದಿಯಲ್ಲಿ ನಿಧಾನವಾಗಿ ಓಡಿಸಿಕೊಂಡು ಹೋದರು.

ಬಟ್ಟೆ ಅಂಗಡಿಯ ಹಾಲೇಶಪ್ಪ ಓಡಿಬಂದ. “ಬೆನಕಪ್ಪಾರ ನಂದಿ ಬಂತು ನೋಡ್ರಿ! ಅವ್ರು ಬರ್ಲಿಲ್ವಾ ಸಾವ್ಕಾರ್ರೆ?”

“ಇದು ಈಗ ನಂದು ಕಣಯ್ಯ.”

“ಹೌದಾ! ಇಂಥ ಗಾಡಿನ ನಿಮಗೆ ಬಿಟ್ಕೊಟ್ರಾ? ಅವ್ರದು ದೊಡ್ಡ ಮನಸು ಬಿಡ್ರಿ.”

ಷಣ್ಮುಖಪ್ಪ ಗೇರು ಹಾಕಿದರು. ಅತ್ತೆಯ ಮನೆಯ ತಿರುವು ಬಂದರೂ ತಿರುಗಿಸದೆ ಸೀದಾ ಚನ್ನಗಿರಿಯ ದಾರಿ ಹಿಡಿದರು.